ಓಪನ್ ಜೀಪ್ ನಮ್ಮದು, ಆರ್‌ಸಿ ಯಾರದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಈಗ ಮದುವೆ ಮೆರವಣಿಗೆ ಇರಲಿ, ಲೀಡರ್ ಹುಟ್ಟುಹಬ್ಬ ಇರಲಿ, ಮುಂದೊಂದು ಓಪನ್ ಜೀಪ್ ಬೇಕೇ ಬೇಕು. ಸಿನಿಮಾ ಹೀರೋ ಟಾಪ್ ಇಳಿಸಿದ ಸ್ಪೋರ್ಟ್ಸ್ ಕಾರಿನಲ್ಲಿ ಬರುತ್ತಾನೆ, ನಮ್ಮ ಹುಡುಗರ ಕನಸಿಗೆ ಅದೇ ಕಾರು ಜೀಪಾಗಿ ಬರುತ್ತದೆ. ಹಳೆಯ ಮಹೀಂದ್ರಾ, ಮಾರುತಿ ಜಿಪ್ಸಿ, ಇಲ್ಲವೇ ಬಟ್ಟೆ ಟಾಪಿನ ಥಾರ್. ಹೊಸದಕ್ಕೆ ರೊಕ್ಕ ಸಾಲದು, ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಾಟ.

ಈ ಆಸೆಯನ್ನು ನಾನು ಹೀಯಾಳಿಸುವುದಿಲ್ಲ. ವರ್ಷವಿಡೀ ಲಿಂಬೆ, ಕಬ್ಬು, ತೊಗರಿ ಎಂದು ಬಿಸಿಲಲ್ಲಿ ದುಡಿದವನು ತನಗೆ ಬೇಕಾದ ಗಾಡಿ ತಗೊಂಡರೆ ಯಾರ ಗಂಟೂ ಹೋಗುವುದಿಲ್ಲ. ನನ್ನ ತಕರಾರು ಇರುವುದು ನಮ್ಮ ಕಡೆ ಹಳೆ ಗಾಡಿ ಕೊಳ್ಳುವ ಮತ್ತು ಮಾರುವ ರೀತಿಯ ಮೇಲೆ.

ನಿಜವಾದ ಸಣ್ಣ ಸ್ಪೋರ್ಟ್ಸ್ ಕಾರು, ಟಾಪ್ ತೆಗೆಯುವಂಥದ್ದು, ನಮ್ಮ ದೇಶದಲ್ಲೂ ತಯಾರಾಗಿತ್ತು ಎಂದರೆ ಬಹಳ ಜನ ನಂಬುವುದಿಲ್ಲ. 1990ರ ದಶಕದ ಕೊನೆಗೆ ಗೋವಾದಲ್ಲಿ ಮಾಡಿದ ಸ್ಯಾನ್ ಸ್ಟಾರ್ಮ್. ಎರಡೇ ಸೀಟು, ಫೈಬರ್ ಬಾಡಿ, ರೆನೋ ಇಂಜಿನ್. ಹೆಚ್ಚು ಓಡಲಿಲ್ಲ, ನಿಂತುಹೋಯಿತು. ಈಗ ಎಲ್ಲೋ ಒಂದು ಮಾರಾಟಕ್ಕೆ ಸಿಕ್ಕರೂ ಅದರ ಸಾಮಾನು ಹುಡುಕಿ ತರುವುದರಲ್ಲಿ ಸಿಂದಗಿಯ ಮಿಸ್ತ್ರಿ ಕೈ ಮುಗಿಯುತ್ತಾನೆ. ನಮ್ಮವರು ಜೀಪಿನ ಕಡೆ ವಾಲುವುದು ಆ ಲೆಕ್ಕಕ್ಕೆ ಜಾಣತನವೇ. ಯಾವ ಊರಿನ ಗ್ಯಾರೇಜಿನಲ್ಲೂ ಅದನ್ನು ಬಿಚ್ಚಿ ಜೋಡಿಸುವವರು ಸಿಗುತ್ತಾರೆ.

ಜಿಪ್ಸಿ 1985ರಲ್ಲಿ ಬಂದದ್ದು, ಈಗ ತಯಾರಾಗುವುದಿಲ್ಲ. ಪೆಟ್ರೋಲ್ ಕುಡಿಯುತ್ತದೆ. ಥಾರ್ 2010ರಲ್ಲಿ ಬಂತು. ಆ ಹಳೆಯ ಥಾರ್‌ನಲ್ಲಿ ಏರ್‌ಬ್ಯಾಗ್ ಇಲ್ಲ, ಹಿಂದಿನವರು ಎದುರುಬದುರು ಬೆಂಚಿನ ಮೇಲೆ ಕೂರಬೇಕು. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್ ಬೇರೆಯದೇ ಗಾಡಿ, ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 4 ಸ್ಟಾರ್ ಪಡೆದದ್ದು. ಎರಡಕ್ಕೂ ಹೆಸರು ಒಂದೇ, ಸುರಕ್ಷತೆ ಒಂದೇ ಅಲ್ಲ. ಮನೆಯ ಹೆಣ್ಮಕ್ಕಳು, ಸಣ್ಣವರು ಕೂರುವ ಗಾಡಿಯಾದರೆ ಈ ವ್ಯತ್ಯಾಸಕ್ಕೆ ಬೆಲೆ ಕೊಡಿ.

ಗಾಡಿ ನೋಡುವಾಗ ಹೊಸ ಪೇಂಟು, ದಪ್ಪ ಟೈರು ನೋಡಿ ಮರುಳಾಗಬೇಡಿ. ಟಾಪ್ ಬಟ್ಟೆಯದಾದರೆ ಮಳೆನೀರು ಒಳಗೆ ಇಳಿದೇ ಇರುತ್ತದೆ. ಕಾಲಡಿಯ ಮ್ಯಾಟ್ ಎತ್ತಿ ತಗಡು ತುಕ್ಕು ಹಿಡಿದಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಕೆಳಗೆ ಮಲಗಿ ಚಾಸಿ ನೋಡಿ. ನಮ್ಮ ಎರಿ ಮಣ್ಣು ಒಮ್ಮೆ ಮೆತ್ತಿತೆಂದರೆ ವರ್ಷಗಟ್ಟಲೆ ಒದ್ದೆ ಹಿಡಿದು ಕೂರುತ್ತದೆ, ಕಬ್ಬಿಣ ತಿನ್ನುತ್ತದೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸ್ ಎಂದು ಬಂದರೆ ಒಳಗೆ ಸವೆದಿದೆ ಎಂದೇ ಅರ್ಥ. ಇಷ್ಟನ್ನು ಯಾವ ಮಿಸ್ತ್ರಿಯಾದರೂ ಹೇಳುತ್ತಾನೆ, ಅವನ ಕೈಗೆ ಐದುನೂರು ಕೊಟ್ಟು ಕರೆದುಕೊಂಡು ಹೋಗಿ. ಮಿಸ್ತ್ರಿ ಹೇಳದ ಸಂಗತಿಗಳೇ ಹೆಚ್ಚು ಅಪಾಯದವು.

ಮೊದಲನೆಯದು ಮಾಡಿಫೈ ಮಾಡಿದ ಜೀಪು. ಹರಿಯಾಣದ ಮಂಡಿ ಡಬ್ವಾಲಿ ಎಂಬ ಊರು ಇಂಥ ಜೀಪುಗಳಿಗೇ ಹೆಸರುವಾಸಿ. ಮೊಬೈಲ್‌ನಲ್ಲಿ ಅದರ ವಿಡಿಯೋ ನೋಡಿ ನಮ್ಮ ಹುಡುಗರು ಅಂಥದ್ದೇ ಬೇಕು ಎನ್ನುತ್ತಾರೆ. ಆದರೆ ಕಾಗದದಲ್ಲಿ ಒಂದು ಗಾಡಿ, ಕಣ್ಣೆದುರು ಇನ್ನೊಂದು ಗಾಡಿ ಇದ್ದರೆ ಏನಾಗುತ್ತದೆ? ಕಂಪನಿ ಮಾಡಿದ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೋಟಾರು ವಾಹನ ಕಾಯ್ದೆಗೆ ಅದೇ ವರ್ಷ ತಿದ್ದುಪಡಿ ಬಂದು, ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಗಿದೆ. ಇದು ಬೀಳುವುದು ಗಾಡಿಯ ಮಾಲೀಕನ ಮೇಲೆ. ಕಂಪನಿಯಿಂದಲೇ ಬಟ್ಟೆ ಟಾಪಿನೊಂದಿಗೆ ಬಂದ ಜೀಪು ಕೊಳ್ಳಿ, ಯಾರೋ ಕಟ್ಟರ್‌ನಿಂದ ತಲೆ ಕೊಯ್ದದ್ದು ಬೇಡವೇ ಬೇಡ.

ಎರಡನೆಯದು ಅಗ್ಗದ ಪರಸ್ಥಳದ ಗಾಡಿ. ಇಂಡಿಯವರಿಗೆ ಸೊಲ್ಲಾಪುರವೂ ವಿಜಯಪುರದಷ್ಟೇ ತಮ್ಮ ಪೇಟೆ. ಅಲ್ಲಿಂದ ಎಂಎಚ್-13 ನಂಬರಿನ ಗಾಡಿ ತರುವುದು ಮಾಮೂಲು. ದೆಹಲಿ ನಂಬರಿನ ಡೀಸೆಲ್ ಗಾಡಿಗಳೂ ಕಾಣುತ್ತವೆ, ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದಾಗಿನಿಂದ ಮಾಲೀಕರು ಬಂದ ರೇಟಿಗೆ ಕೊಟ್ಟುಬಿಡುತ್ತಾರೆ. ರೇಟ್ ಕೇಳಿ ಖುಷಿಯಾಗುವ ಮುಂಚೆ ಇಷ್ಟು ತಿಳಿದಿರಲಿ: ಹೊರರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರ್ ಮಾಡಿಸಲೇಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ಬೇಕು. ಆಮೇಲೆ ಕರ್ನಾಟಕದ ತೆರಿಗೆ. ಲೈಫ್ ಟ್ಯಾಕ್ಸ್ ದುಬಾರಿ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು, ಗಾಡಿಯ ವಯಸ್ಸಿಗೆ ತಕ್ಕ ಹಾಗೆ ಕಡಿಮೆಯಾದರೂ ಹಗುರವಲ್ಲ. ಸೊಲ್ಲಾಪುರದಲ್ಲಿ ಉಳಿಸಿದ್ದು ವಿಜಯಪುರದ ಆರ್‌ಟಿಒ ಕೌಂಟರ್‌ನಲ್ಲಿ ಹೋಗಿಬಿಡಬಹುದು. ವ್ಯಾಪಾರ ಮುಗಿಸುವ ಮುಂಚೆಯೇ ತೆರಿಗೆ ಎಷ್ಟಾಗುತ್ತದೆ ಎಂದು ಕೇಳಿಕೊಳ್ಳಿ.

ಗಾಡಿಗೆ 15 ವರ್ಷ ಆಗಿದ್ದರೆ ಮತ್ತೊಂದು ಖರ್ಚು. ಆರ್‌ಸಿ ರಿನ್ಯೂವಲ್ ಫೀ ಕಾರು-ಜೀಪಿಗೆ 2022ರ ಏಪ್ರಿಲ್‌ನಿಂದ 600ರಿಂದ 5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಮಾಡಿದರು. ರಿನ್ಯೂ ಆದರೂ ಸಿಗುವುದು 5 ವರ್ಷ ಮಾತ್ರ.

ಇವೆಲ್ಲ ಕೊಳ್ಳುವವನ ಕಷ್ಟ. ನನಗೆ ಹೆಚ್ಚು ಚಿಂತೆ ಮಾರುವವರದು, ಅದರಲ್ಲೂ ಹಿರಿಯರದು. ನಮ್ಮಲ್ಲಿ ವ್ಯಾಪಾರ ಹೀಗೆ ನಡೆಯುತ್ತದೆ: ಚಹಾ ಕುಡಿದು, ರೊಕ್ಕ ಎಣಿಸಿ, "ಕಾಕಾ, ನೂರು ರೂಪಾಯಿ ಬಾಂಡ್ ಮ್ಯಾಲ ಬರದ್ ಕೊಡ್ತೀನ್ರಿ, ಹೆಸರು ಆಮ್ಯಾಲ ಮಾಡಿಸ್ಕೋತೀನಿ" ಎನ್ನುತ್ತಾನೆ. ಕಾಕಾ ಖಾಲಿ ಫಾರ್ಮುಗಳಿಗೆ ಸಹಿ ಹಾಕಿ ಕೊಡುತ್ತಾನೆ. ಆ ಗಾಡಿ ಅವನಿಂದ ಇನ್ನೊಬ್ಬನಿಗೆ, ಅಲ್ಲಿಂದ ಮತ್ತೊಬ್ಬನಿಗೆ ಹೋಗುತ್ತದೆ. ಆರ್‌ಸಿಯಲ್ಲಿ ಹೆಸರು ಮಾತ್ರ ಕಾಕಾನದೇ.

ಇಂಥದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಕಾರು ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತ ಹೋಗಿ, ಕೊನೆಗೆ ಅಪಘಾತವಾಗಿ ಒಂದು ಮಗು ತೀರಿಕೊಂಡಿತ್ತು. ದಾಖಲೆಯಲ್ಲಿ ಹೆಸರಿದ್ದವರು ಕಾರು ಮಾರಿ ಸುಮಾರು ಎರಡು ವರ್ಷವಾಗಿತ್ತು. ಆದರೂ ಕಾಯ್ದೆಯ ಪ್ರಕಾರ ಮಾಲೀಕ ಎಂದರೆ ಆರ್‌ಸಿಯಲ್ಲಿ ಹೆಸರಿರುವವನೇ, ಪರಿಹಾರದ ಹೊಣೆಯೂ ಅವನದೇ ಎಂದು 2018ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಅಪಘಾತದಲ್ಲಿ ನೊಂದ ಕುಟುಂಬ ಯಾರು ಯಾರಿಗೆ ಮಾರಿದರೆಂದು ಊರೂರು ಹುಡುಕುತ್ತ ಹೋಗಬೇಕಾಗಬಾರದು ಎಂಬುದು ಕೋರ್ಟಿನ ಮಾತು. ನ್ಯಾಯವಾದದ್ದೇ. ಆದರೆ ಇನ್ಶೂರೆನ್ಸ್ ಮುಗಿದ ಜೀಪೊಂದು ಯಾರಿಗೋ ಗುದ್ದಿದರೆ, ಹತ್ತಾರು ಲಕ್ಷದ ಪರಿಹಾರಕ್ಕೆ ಕಾಕಾನ ಹೊಲದ ಪಹಣಿ ಹುಡುಕುವ ಹೊತ್ತು ಬರುತ್ತದೆ. ಆ ಬಾಂಡ್ ಪೇಪರ್ ಅಲ್ಲಿ ಕಾಕಾನನ್ನು ಕಾಯುವುದಿಲ್ಲ.

ತಪ್ಪಿಸಿಕೊಳ್ಳುವ ದಾರಿ ಕಠಿಣವೇನಲ್ಲ. ಮಾರಿದವನು ರಾಜ್ಯದೊಳಗಾದರೆ 14 ದಿನದಲ್ಲಿ, ಹೊರರಾಜ್ಯಕ್ಕಾದರೆ 45 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವನು 30 ದಿನದಲ್ಲಿ. ಫಾರ್ಮ್ 29, ಫಾರ್ಮ್ 30 ಇರುವುದು ಇದಕ್ಕೇ. ಮೇಲೆ ಸಾಲ ಇದ್ದರೆ ಫೈನಾನ್ಸ್‌ನವರ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ಅದಿಲ್ಲದೆ ಗಾಡಿ ಮುಟ್ಟಬೇಡಿ, ಫೈನಾನ್ಸ್‌ನವರು ದಾರಿಯಲ್ಲಿ ನಿಲ್ಲಿಸಿ ಒಯ್ದರೆ ನಿಮ್ಮ ರೊಕ್ಕ ಹೋದಂತೆಯೇ. ಮಾರುವವರು ಖಾಲಿ ಫಾರ್ಮಿಗೆ ಸಹಿ ಮಾಡಬೇಡಿ, ಕೊಳ್ಳುವವನ ಆಧಾರ್ ಪ್ರತಿ ಇಟ್ಟುಕೊಳ್ಳಿ. ಹೆಸರು ಬದಲಾಗುವವರೆಗೆ ಸ್ವಲ್ಪ ರೊಕ್ಕ ಬಾಕಿ ಇರಲಿ ಎಂದು ಕೊಳ್ಳುವವನು ಕೇಳಿದರೆ ಬೇಸರಪಡಬೇಡಿ, ಅದು ಇಬ್ಬರಿಗೂ ಒಳ್ಳೆಯದು. ಸಂಬಂಧಿಕರಿಗೆ ಮಾರುವಾಗ "ನಮ್ಮವನ ಮ್ಯಾಲ ನಂಬಿಕಿ ಇಲ್ಲೇನು" ಎಂಬ ಮಾತು ಬಂದೇ ಬರುತ್ತದೆ. ನಂಬಿಕೆ ಇದ್ದರೆ ಆರ್‌ಟಿಒಗೆ ಜೊತೆಗೇ ಹೋಗಿ ಬರಲು ಏನು ತೊಂದರೆ?

ಈ ನಿಯಮ ಜೀಪಿಗಷ್ಟೇ ಅಲ್ಲ, ಬೈಕಿಗೂ ಟ್ರ್ಯಾಕ್ಟರ್‌ಗೂ ಇದೇ. ಎಂ-ಪರಿವಾಹನ್ ಆ್ಯಪ್ ನಿಮ್ಮ ಮೊಬೈಲ್‌ನಲ್ಲೇ ಇಳಿಯುತ್ತದೆ. ನೀವು ಐದಾರು ವರ್ಷದ ಹಿಂದೆ ಮಾರಿದ ಗಾಡಿಯ ನಂಬರ್ ಅದರಲ್ಲಿ ಹಾಕಿ ನೋಡಿ. ಮಾಲೀಕನ ಹೆಸರು ಪೂರ್ತಿ ಕಾಣುವುದಿಲ್ಲ, ಕೆಲವು ಅಕ್ಷರ ಮಾತ್ರ ಕಾಣುತ್ತವೆ. ಆ ಅಕ್ಷರಗಳು ನಿಮ್ಮ ಹೆಸರಿನವೇ ಆಗಿದ್ದರೆ, ಈ ವಾರವೇ ವಿಜಯಪುರದ ಆರ್‌ಟಿಒಗೆ ಹೋಗಿ ಬನ್ನಿ.