ಚರಂಡಿ ಸೇರುತ್ತಿರುವ ಕಾವೇರಿ

ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಒಂದು ಮಧ್ಯಾಹ್ನ ನಿಂತು ನೋಡಿದ್ದನ್ನು ಮೊದಲು ಹೇಳಬೇಕು. ತಗಡಿನ ಚಾವಣಿ, ಎರಡು ಸಾಲು ಕಾಂಕ್ರೀಟಿನ ರ‍್ಯಾಂಪು, ಪಕ್ಕದಲ್ಲಿ ಕಪ್ಪು ಸಿಂಟೆಕ್ಸ್ ಟ್ಯಾಂಕು, ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದ ‘ವಾಟರ್ ಸರ್ವಿಸ್’. ರ‍್ಯಾಂಪಿನ ಮೇಲೆ ಬಿಳಿ ಕಾರೊಂದು ಮೈತುಂಬ ಶಾಂಪೂ ನೊರೆ ಹೊದ್ದು ನಿಂತಿತ್ತು. ಹುಡುಗನೊಬ್ಬ ಬರಿಗಾಲಲ್ಲಿ ಗನ್ ಹಿಡಿದು ಚಕ್ರದ ಸಂದಿಗೆ ನೀರು ಹೊಡೆಯುತ್ತಿದ್ದ. ಬೆಳಗಿನಿಂದ ನೀರಿನಲ್ಲೇ ಇದ್ದ ಅವನ ಬೆರಳುಗಳು ಬಿಳುಚಿ ಸುಕ್ಕುಗಟ್ಟಿದ್ದವು. ನೊರೆಯೂ ಮಣ್ಣೂ ಗ್ರೀಸೂ ಕೂಡಿದ ನೀರು ರ‍್ಯಾಂಪಿನಿಂದ ಇಳಿದು, ಅಂಗಳದ ಕೆಸರು ದಾಟಿ, ರಸ್ತೆ ಬದಿಯ ಮಣ್ಣಿನ ಚರಂಡಿಗೆ ಬೀಳುತ್ತಿತ್ತು. ಮೇಲೆ ತೇಲುವ ಎಣ್ಣೆಯ ಪದರ ಬಿಸಿಲಿಗೆ ನೇರಳೆಯಾಗಿ, ಹಸಿರಾಗಿ ಹೊಳೆಯುತ್ತಿತ್ತು. ಅಲ್ಲಿಂದ ಇಪ್ಪತ್ತು ಮಾರು ದೂರದಲ್ಲಿ ಆ ಚರಂಡಿ ಗದ್ದೆಯ ಕಾಲುವೆಗೆ ಕೂಡಿಕೊಳ್ಳುತ್ತದೆ.

ಬದುವಿನ ಮೇಲೆ ನಿಂತಿದ್ದ ರೈತರನ್ನು ಮಾತನಾಡಿಸಿದೆವು. “ನಾಲೇಲಿ ಕಟ್ಟು ನೀರು ಹದಿನೈದು ದಿನಕ್ಕೊಂದ್ಸಲ ಬತ್ತದೆ ಸಾರ್. ಈ ನೀರು ಮಾತ್ರ ದಿನಾ ಬತ್ತದೆ” ಎಂದರು.

ಅವರ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರೂ ಊರುಗಳಿಗೆ ಯಾವ ದಿಕ್ಕಿನಿಂದ ಒಳಗೆ ಬಂದರೂ ಈಗ ಮೊದಲು ಕಾಣುವುದು ಕಾರು-ಬೈಕು ತೊಳೆಯುವ ಅಂಗಳ. ಮುಂಚೆ ಪೆಟ್ರೋಲ್ ಬಂಕಿನ ಹಿಂಬದಿಯಲ್ಲೋ ದೊಡ್ಡ ಗ್ಯಾರೇಜಿನಲ್ಲೋ ಒಂದೊಂದು ಇರುತ್ತಿತ್ತು. ಈಗ ಮೂವತ್ತು-ನಲವತ್ತು ಅಡಿ ಜಾಗ, ಒಂದು ಬೋರ್‌ವೆಲ್, ಒಂದು ಪ್ರೆಶರ್ ಪಂಪ್ ಇದ್ದರೆ ಸಾಕು, ಹೊಸದೊಂದು ತಲೆ ಎತ್ತುತ್ತದೆ. ದುಡಿಮೆ ಹುಡುಕಿಕೊಂಡ ಯುವಕರ ಮೇಲೆ ಈ ಪತ್ರಿಕೆಗೆ ಕೋಪವಿಲ್ಲ. ಕಬ್ಬಿನ ಬಾಕಿಗೆ ಕಾದು ಸುಸ್ತಾದ ಮನೆಗಳ ಮಕ್ಕಳು ಅವರು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ವಾಹನಗಳು ಬೈಪಾಸ್ ಹಿಡಿದವು, ಹಳೆಯ ಹೆದ್ದಾರಿಯ ಹೋಟೆಲು, ವಡೆ ಅಂಗಡಿ, ಎಳನೀರಿನ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಹಾಗೆ ಕೈಬರಿದಾದವರು ಕಡಿಮೆ ಬಂಡವಾಳದ ಈ ಕಸುಬಿಗೆ ಬಂದಿದ್ದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ನಮ್ಮ ಆತಂಕ ಬೇರೆ. ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಅದರ ನಡುವೆ ನಿಂತ ಹುಡುಗ ಯಾರು ಎಂದು ಕೇಳಬೇಕಾದವರು ಒಬ್ಬರೂ ಕೇಳುತ್ತಿಲ್ಲ.

ಎಲ್ಲಿಂದ ಬಂತು ಎಂದು ಕೇಳಿದರೆ ಮಾಲೀಕರ ಉತ್ತರ ಒಂದೇ: “ನಮ್ಮ ಬೋರ್, ನಮ್ಮ ನೀರು.” ನಾಲೆ ಬಯಲಿನಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಈ ಮಾತು ಅರ್ಧ ಮಾತ್ರ ನಿಜ ಎಂದು ಗೊತ್ತು. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದರೆ ಅಚ್ಚುಕಟ್ಟಿನ ಬಾವಿ, ಬೋರ್‌ವೆಲ್‌ಗಳು ತುಂಬುತ್ತವೆ. ನಾಲೆ ಒಣಗಿದರೆ ತಿಂಗಳೆರಡು ತಿಂಗಳಲ್ಲಿ ಮೋಟಾರು ಗಾಳಿ ಎಳೆಯುತ್ತದೆ. ಕೆಆರ್‌ಎಸ್‌ನಿಂದ ಹೊರಟು ಗದ್ದೆಯಲ್ಲಿ, ಕೆರೆಯಲ್ಲಿ ಇಂಗಿ ನೆಲದ ಕೆಳಗೆ ಇಳಿದ ಕಾವೇರಿಯೇ ಆ ಬೋರ್‌ವೆಲ್‌ನ ನೀರು. ಅದು ಒಬ್ಬರ ಸೈಟಿನ ಗಡಿಯೊಳಗೆ ಹುಟ್ಟಿದ್ದಲ್ಲ.

2023ರ ಸೆಪ್ಟೆಂಬರ್ ಅನ್ನು ಇಷ್ಟು ಬೇಗ ಮರೆತೆವೇ? ಕೆಆರ್‌ಎಸ್ ಪೂರ್ಣ ಮಟ್ಟ 124.80 ಅಡಿ. ಆಗ ನೀರು 100 ಅಡಿಗಿಂತ ಕೆಳಗಿತ್ತು. ತಮಿಳುನಾಡಿಗೆ ಗಡಿಯ ಬಿಳಿಗುಂಡ್ಲುವಿನಲ್ಲಿ ದಿನಕ್ಕೆ 5,000 ಕ್ಯುಸೆಕ್‌ನಂತೆ 15 ದಿನ ನೀರು ಬಿಡಬೇಕೆಂಬ ಆದೇಶ ಬಂತು, ಅದರಲ್ಲಿ ಮಧ್ಯ ಪ್ರವೇಶಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಂಡ್ಯದ ವಿಶ್ವೇಶ್ವರಯ್ಯ ಪ್ರತಿಮೆಯ ಎದುರು ರೈತರು ದಿನಗಟ್ಟಲೆ ಧರಣಿ ಕೂತರು, ಊರು ಬಂದ್ ಆಯಿತು, ಹೆದ್ದಾರಿ ತಡೆದರು. ಮುಂದಿನ ಬೇಸಿಗೆಗೆ ಬೆಳೆ ಇಡಬೇಡಿ ಎಂದು ಸರ್ಕಾರವೇ ಹೇಳುವಂತಾಯಿತು. ಒಂದೊಂದು ಕ್ಯುಸೆಕ್ ನೀರಿಗೂ ಲೆಕ್ಕ ಕೇಳಿ ಬೀದಿಗಿಳಿದ ಜಿಲ್ಲೆ ಇದು. ಮದ್ದೂರು ತಾಲ್ಲೂಕಿನ ಜಿ. ಮಾದೇಗೌಡರು ತಮ್ಮ ಬದುಕಿನ ಬಹುಭಾಗವನ್ನು ಸವೆಸಿದ್ದು ಈ ಲೆಕ್ಕಕ್ಕಾಗಿಯೇ. ಅಂಥ ಜಿಲ್ಲೆ ತನ್ನದೇ ರಸ್ತೆ ಬದಿಯ ನೀರಿನ ಲೆಕ್ಕವನ್ನು ಕೈಬಿಟ್ಟಿದೆ.

ಲೆಕ್ಕ ಕಷ್ಟದ್ದೇನಲ್ಲ. ಗನ್ ಹಿಡಿದು ಧಾರಾಳವಾಗಿ ತೊಳೆದರೆ ಒಂದು ಕಾರಿಗೆ 150 ಲೀಟರ್ ಸಲೀಸಾಗಿ ಖರ್ಚಾಗುತ್ತದೆ. ಬೈಕಿಗೆ 50 ಲೀಟರ್ ಎಂದಿಟ್ಟುಕೊಳ್ಳಿ. ದಿನಕ್ಕೆ 15 ಕಾರು, 20 ಬೈಕು ಬರುವ ಸಾಧಾರಣ ಅಂಗಳಕ್ಕೆ 3,250 ಲೀಟರ್ ಬೇಕಾಯಿತು. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಕೊಡಬೇಕೆಂದು ಇಟ್ಟುಕೊಂಡ ಗುರಿ 55 ಲೀಟರ್. ಒಂದು ಅಂಗಳದ ಒಂದು ದಿನದ ನೀರು 59 ಜನರ ಕುಡಿಯುವ, ಅಡುಗೆಯ, ಸ್ನಾನದ ನೀರಿಗೆ ಸಮ.

ಇದಕ್ಕೆ ಒಂದು ಎದುರು ಮಾತಿದೆ, ಅದನ್ನು ನಾವೂ ಕೇಳಿದ್ದೇವೆ. ಒಂದು ಎಕರೆ ಭತ್ತದ ಒಂದು ಬೆಳೆಗೆ ಹತ್ತಾರು ಲಕ್ಷ ಲೀಟರ್ ನೀರು ಹೋಗುವಾಗ ಕಾರು ತೊಳೆಯುವ ನೀರನ್ನು ಹಿಡಿದು ಜಗ್ಗುವುದು ಸರಿಯೇ ಎಂಬುದು. ಒಪ್ಪತಕ್ಕ ಪ್ರಶ್ನೆಯೇ. ಆದರೆ ಗದ್ದೆಗೆ ಹೋದ ನೀರು ಅನ್ನವಾಗುತ್ತದೆ, ಉಳಿದದ್ದು ಕೆಳಗಿನ ಗದ್ದೆಗೆ ಬಸಿದು, ಕೆರೆ ಸೇರಿ, ನೆಲಕ್ಕಿಳಿದು ಮತ್ತೊಬ್ಬರ ಬಾವಿಗೆ ಬರುತ್ತದೆ. ರ‍್ಯಾಂಪಿನಿಂದ ಇಳಿದ ನೀರು ಎಂಜಿನ್ ಆಯಿಲ್, ಗ್ರೀಸ್, ಸೋಪು, ಟಯರಿನ ಮಸಿ ಹೊತ್ತುಕೊಂಡು ಬರುತ್ತದೆ. ತೊಳೆದಾದ ಮೇಲೆ ತುಕ್ಕು ಹಿಡಿಯದಿರಲೆಂದು ಗಾಡಿಯ ಅಡಿಭಾಗಕ್ಕೆ ಡೀಸೆಲ್ಲೋ ಹಳೆಯ ಆಯಿಲ್ಲೋ ಹೊಡೆಯುವ ರೂಢಿಯೂ ಇದೆ, ಅದರಲ್ಲಿ ತೊಟ್ಟಿಕ್ಕಿದ್ದೆಲ್ಲ ಮರುದಿನದ ನೀರಿನೊಂದಿಗೆ ಹೊರಗೆ ಹೋಗುತ್ತದೆ. ಬಳಸಿದ ಎಂಜಿನ್ ಆಯಿಲ್ 2016ರ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಕೊಳಚೆಯನ್ನು ತೊರೆಗೋ ಬಾವಿಗೋ ಬಿಡಬಾರದೆಂದು 1974ರ ಜಲಮಾಲಿನ್ಯ ತಡೆ ಕಾಯ್ದೆ ಹೇಳುತ್ತದೆ, ಉದ್ಯಮದ ಕೊಳಚೆ ಬಿಡುವವರು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕೆಂದೂ ಅದೇ ಕಾಯ್ದೆಯಲ್ಲಿದೆ. ಐವತ್ತು ವರ್ಷ ಹಳೆಯ ಕಾನೂನು ಇದು. ಮದ್ದೂರಿನ ಮಗ್ಗುಲಲ್ಲಿ ಶಿಂಷಾ ಹರಿಯುತ್ತದೆ, ಮುಂದೆ ಕಾವೇರಿಯನ್ನು ಸೇರುತ್ತದೆ. ಊರ ಚರಂಡಿಗೆ ಬಿದ್ದ ಎಣ್ಣೆ ಮಳೆ ಬಂದ ದಿನ ಎತ್ತ ಹೋಗುತ್ತದೆಂದು ತಿಳಿಯಲು ನಕ್ಷೆ ಬೇಡ.

ಹಿಂದೆ ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಎಂಬೊಬ್ಬ ಇರುತ್ತಿದ್ದ. ಕೆರೆಯ ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಸರದಿ ಯಾವಾಗ ಎಂಬುದೆಲ್ಲ ಅವನ ತಲೆಯಲ್ಲಿರುತ್ತಿತ್ತು. ಸರದಿ ತಪ್ಪಿಸಿ ಒಡ್ಡು ಕಡಿದವನು ಎಷ್ಟೇ ದೊಡ್ಡವನಾದರೂ ಊರ ಮುಂದೆ ನಿಂತು ಉತ್ತರ ಕೊಡಬೇಕಿತ್ತು. ಆ ಏರ್ಪಾಡಿನಲ್ಲಿ ಅನ್ಯಾಯಗಳೂ ಇದ್ದವು, ಕೆಳಕೇರಿಯವರ ಸರದಿ ಯಾವಾಗಲೂ ಕೊನೆಗೇ ಬರುತ್ತಿತ್ತು. ಆದರೂ ನೀರು ಹತ್ತು ಜನರದ್ದು ಎಂಬ ಅರಿವು ಊರಿಗಿತ್ತು. ಈಗ ನೀರುಗಂಟಿಯ ಜಾಗದಲ್ಲಿ ನಾಲ್ಕು ಇಲಾಖೆಗಳಿವೆ. ಉದ್ದಿಮೆ ಪರವಾನಗಿ ಕೊಡುವುದು ಸ್ಥಳೀಯ ಸಂಸ್ಥೆ, ಬೋರ್‌ವೆಲ್ ವಿಚಾರ ಅಂತರ್ಜಲದವರದ್ದು, ಕೊಳಚೆ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು, ಕರೆಂಟು ವಿದ್ಯುತ್ ನಿಗಮದ್ದು. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಪರವಾನಗಿ ಅರ್ಜಿಗೆ ಬಾಡಿಗೆ ಕರಾರು, ತೆರಿಗೆ ರಸೀದಿ, ಶುಲ್ಕ ಕೇಳುತ್ತಾರೆ. ‘ಕೊಳೆ ನೀರು ಎಲ್ಲಿಗೆ ಬಿಡುತ್ತೀರಿ’ ಎಂಬ ಒಂದು ಸಾಲು ಕೇಳಿ, ಹೋಗಿ ನೋಡಿ, ಸಹಿ ಹಾಕಿದ್ದರೆ ಈ ಸಂಪಾದಕೀಯ ಬರೆಯಬೇಕಾಗಿರಲಿಲ್ಲ.

ಮಳವಳ್ಳಿಯವರಿಗೆ ಇದು ಇನ್ನೂ ಹೆಚ್ಚು ನೋಯಬೇಕು. ಅವರ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ ಬೆಂಗಳೂರಿಗೆ ಕಾವೇರಿ ಹೋಗುತ್ತದೆ. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರು ಏರಿಸುವ ಯೋಜನೆ. ಅದೇ ತಾಲ್ಲೂಕಿನ ನಾಲೆ ಕೊನೆಯ ಭಾಗದ ರೈತರು ಪ್ರತಿವರ್ಷ ನಮಗೂ ನೀರು ಮುಟ್ಟಿಸಿ ಎಂದು ಬೀದಿಗೆ ಬರುತ್ತಾರೆ. ತೊರೆಕಾಡನಹಳ್ಳಿಯ ನೀರು ಕುಡಿಯುವ ಬೆಂಗಳೂರು 2024ರ ಮಾರ್ಚ್‌ನಲ್ಲಿ, ಬೋರ್‌ವೆಲ್‌ಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿತು. ತಪ್ಪಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿ, ದಂಡ ವಸೂಲಿಯನ್ನೂ ಮಾಡಿತು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ 2018ರಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿದಾಗಲೂ ನಗರದ ನೀರಿನಲ್ಲಿ ವಾಹನ ತೊಳೆಯುವಂತಿರಲಿಲ್ಲ. ನೀರು ಕೊಳ್ಳುವ ಊರುಗಳಿಗೆ ಬಂದ ಎಚ್ಚರ ನೀರು ಕೊಡುವ ಊರಿಗೆ ಇನ್ನೂ ಬಂದಿಲ್ಲ. 2025ರಲ್ಲಿ ಕೆಆರ್‌ಎಸ್ ಜೂನ್ ತಿಂಗಳಲ್ಲೇ ತುಂಬಿತು, ಮುಖ್ಯಮಂತ್ರಿಗಳು ಜೂನ್ 30ಕ್ಕೆ ಬಾಗಿನ ಅರ್ಪಿಸಿದರು, ಸಂತೋಷ. ತುಂಬಿದ ವರ್ಷದಲ್ಲಿ ಕಟ್ಟಿಕೊಂಡ ಶಿಸ್ತು ಬತ್ತಿದ ವರ್ಷದಲ್ಲಿ ಕೈ ಹಿಡಿಯುತ್ತದೆ. ಬರ ಬಂದ ಮೇಲೆ ಹುಡುಕಿದರೆ ಸಿಗುವುದು ಲಾಠಿ ಮತ್ತು ಬಂದ್ ಅಷ್ಟೇ.

ಇನ್ನು ಆ ಹುಡುಗ. ಹೆಸರು ಕೇಳಿದೆವು, ಹೇಳಿದ. ವಯಸ್ಸು ಕೇಳಿದೆವು, ಮಾಲೀಕರತ್ತ ನೋಡಿ “ಹದಿನೆಂಟು” ಎಂದ. ನೋಡಿದರೆ ಹದಿಮೂರು-ಹದಿನಾಲ್ಕು ದಾಟಿದಂತಿರಲಿಲ್ಲ. ಯಾವ ಸ್ಕೂಲು ಮಗಾ ಎಂದಾಗ ತಿರುಗಿ ಗನ್ ಎತ್ತಿಕೊಂಡ. ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಬಾರದೆಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ, ಹದಿನೆಂಟರವರೆಗಿನವರನ್ನು ಅಪಾಯದ ಕೆಲಸಕ್ಕೆ ಹಾಕುವಂತಿಲ್ಲ. ಅವನ ಕಾಲ ಕೆಳಗೆ ನೀರು ನಿಂತಿತ್ತು, ಒಂದು ಮಾರು ಆಚೆ ಪಂಪಿನ ಮೋಟಾರು ಓಡುತ್ತಿತ್ತು, ಅದಕ್ಕೆ ಬಂದ ವೈರಿನ ಜೋಡಣೆಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ್ದರು. ಅರ್ಥಿಂಗ್ ಎಲ್ಲಿದೆ ಎಂದು ಹುಡುಕಿದೆವು, ಕಾಣಲಿಲ್ಲ. ಗಂಬೂಟು, ಕೈಗವಸು ಯಾವುದೂ ಇರಲಿಲ್ಲ. ದಿನಕ್ಕೆ ಎಷ್ಟು ಕೊಡುತ್ತಾರೆಂದು ಕೇಳುವ ಮೊದಲೇ ಮುಂದಿನ ಕಾರು ಬಂತು.

ಕೈಯಲ್ಲಿ ಕಾರು ತೊಳೆಯುವ ಈ ಕಸುಬು ಬೆಳೆದ ದೇಶಗಳಲ್ಲಿ ಏನಾಯಿತೆಂದು ನೋಡಿದರೆ ಭಯ ಹೆಚ್ಚುತ್ತದೆ. ಬ್ರಿಟನ್ನಿನಲ್ಲಿ ಇಂಥವು 10,000ದಿಂದ 20,000ದವರೆಗೆ ಇರಬಹುದು, ನಿಖರ ಸಂಖ್ಯೆ ಸರ್ಕಾರಕ್ಕೇ ಗೊತ್ತಿಲ್ಲ ಎಂದು ಅಲ್ಲಿನ ಸಂಸತ್ತಿನ ಪರಿಸರ ಸಮಿತಿ 2018ರಲ್ಲಿ ವರದಿ ಕೊಟ್ಟಿತು. ಕೊಳೆ ನೀರು ಹೊಳೆ ಸೇರುವುದು, ಕೂಲಿ ಕೊಡದೆ ದುಡಿಸುವುದು, ಜೀತದಂತೆ ಕೂಡಿಹಾಕುವುದು ಎಲ್ಲವೂ ಕಣ್ಣೆದುರೇ ನಡೆಯುತ್ತಿದ್ದವು. 2015ರಲ್ಲಿ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ ಕಾರು ತೊಳೆಯುವ ರೊಮೇನಿಯಾದ ಕೆಲಸಗಾರನೊಬ್ಬ ಮಾಲೀಕ ಕೊಟ್ಟಿದ್ದ ಮುರುಕು ಮನೆಯಲ್ಲಿ ಸ್ನಾನ ಮಾಡುವಾಗ ಕರೆಂಟು ಹೊಡೆದು ಸತ್ತ. ಕಾನೂನು ಬಿಗಿಯಾಗಿರುವ ದೇಶದಲ್ಲೇ ಎಣಿಕೆ ತಪ್ಪಿದಾಗ ಹೀಗಾಯಿತು. ನಮ್ಮ ಮೂರು ಊರುಗಳಲ್ಲಿ ಎಷ್ಟಿವೆ ಎಂಬ ಪಟ್ಟಿಯನ್ನು ಮೊದಲು ಸಾರ್ವಜನಿಕರ ಮುಂದಿಡಿ ಎಂದು ನಾವು ಕೇಳುತ್ತಿರುವುದು ಅದಕ್ಕೆ.

ಮುಚ್ಚಿಸಿ ಎಂದು ಕೇಳುತ್ತಿಲ್ಲ. ಮುಚ್ಚಿಸಿದರೆ ಗಾಡಿಗಳು ಮತ್ತೆ ನಾಲೆ ಏರಿಗೆ, ಕೆರೆ ಕೋಡಿಗೆ ಹೋಗುತ್ತವೆ. ಮೂರು ಅಂಕಣದ ಒಂದು ಸಿಮೆಂಟ್ ತೊಟ್ಟಿ ಕಟ್ಟಿದರೆ ಮೊದಲನೆಯದರಲ್ಲಿ ಮಣ್ಣು ಕೂರುತ್ತದೆ, ಎರಡನೆಯದರಲ್ಲಿ ಎಣ್ಣೆ ಮೇಲೆ ನಿಲ್ಲುತ್ತದೆ, ಮೂರನೆಯದಕ್ಕೆ ಬಂದ ನೀರನ್ನು ಸೋಸಿ ಮುಂದಿನ ಗಾಡಿಯ ಮೊದಲ ತೊಳೆತಕ್ಕೆ ಬಳಸಬಹುದು. ಊರಿನ ಯಾವ ಗಾರೆ ಮೇಸ್ತ್ರಿಯಾದರೂ ಕಟ್ಟಬಲ್ಲ ಕೆಲಸ. ಸ್ವಯಂ ಉದ್ಯೋಗಕ್ಕೆ ಸಾಲ ಕೊಡುವ ಬ್ಯಾಂಕು, ನಿಗಮಗಳು ಪಂಪಿಗೆ ಕೊಡುವ ಹಣದ ಜೊತೆಗೆ ತೊಟ್ಟಿಗೂ ಕೊಡಲಿ. ತೊಟ್ಟಿ ಇಲ್ಲದ ಅಂಗಳದ ಪರವಾನಗಿ ಮುಂದಿನ ವರ್ಷ ನವೀಕರಣವಾಗಬಾರದು. ಬೋರ್‌ವೆಲ್‌ಗೆ ಮೀಟರ್ ಇರಲಿ. ಹೊಲದ ಪಂಪ್‌ಸೆಟ್ಟಿಗೆ ಕೊಟ್ಟ ಉಚಿತ ವಿದ್ಯುತ್ತು ಎಲ್ಲಿಯಾದರೂ ಈ ಕಡೆಗೆ ತಿರುಗಿದೆಯೇ ಎಂದು ನಿಗಮದವರು ಹೋಗಿ ನೋಡಲಿ, ವೈರಿಂಗನ್ನೂ ಅದೇ ಸಲ ನೋಡಲಿ. ಕಾರ್ಮಿಕ ಇಲಾಖೆಯವರೂ ಶಿಕ್ಷಣ ಇಲಾಖೆಯವರೂ ಒಟ್ಟಿಗೆ ಹೋಗಬೇಕು, ಕೈಯಲ್ಲಿ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಇರಬೇಕು.

ಕಾರಿನವರಿಗೂ ಒಂದು ಕೋರಿಕೆ. ವಾರಕ್ಕೊಮ್ಮೆ ನೊರೆ ಹೊದಿಸಿ ತೊಳೆಸುವ ಅಗತ್ಯ ಯಾವ ಕಾರಿಗೂ ಇಲ್ಲ. ಒಂದು ಬಕೆಟ್ ನೀರು, ಒಂದು ಬಟ್ಟೆ, ಅರ್ಧ ಗಂಟೆ ಸಾಕಾಗುತ್ತದೆ. ಕೊಟ್ಟೇ ತೊಳೆಸುವುದಾದರೆ ರ‍್ಯಾಂಪಿನ ಮೇಲೆ ಗಾಡಿ ಹತ್ತಿಸುವ ಮುನ್ನ ಕೆಳಗಿಳಿದು ನೀರು ಎತ್ತ ಹರಿಯುತ್ತದೆಂದು ನೋಡಿ, ಗನ್ ಹಿಡಿದವನ ಮುಖವನ್ನೂ ನೋಡಿ.

ಆಯುಧಪೂಜೆಗೆ ಮುಂಚಿನ ದಿನಗಳಲ್ಲಿ ಈ ಅಂಗಳಗಳ ಮುಂದೆ ಟ್ರ್ಯಾಕ್ಟರು, ಲಾರಿ, ಕಾರು, ಬೈಕುಗಳ ಸಾಲು ರಸ್ತೆಗೆ ಬರುತ್ತದೆ, ರಾತ್ರಿ ಹತ್ತಾದರೂ ಪಂಪು ನಿಲ್ಲುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಅಧಿಕಾರಿಗಳು ಅಷ್ಟರೊಳಗೆ ಒಂದು ಸುತ್ತು ಹೋಗಿ ಬರಲಿ. ಭಾರತೀನಗರದ ರಸ್ತೆಯ ಆ ರೈತರು ಸಾಯಂಕಾಲ ಐದರ ಮೇಲೆ ಗದ್ದೆಯಲ್ಲೇ ಇರುತ್ತಾರೆ. ಎಣ್ಣೆ ಎಲ್ಲಿಯವರೆಗೆ ಬಂದಿದೆ ಎಂದು ಬದುವಿನ ಮೇಲೆ ನಡೆಸಿಕೊಂಡು ಹೋಗಿ ಅವರೇ ತೋರಿಸುತ್ತಾರೆ.