ಹಿರಿಯರ ಅಂತ್ರವೃದ್ಧಿ: ದುರ್ಬೀನೋ, ತೆರೆದ ಶಸ್ತ್ರಕ್ರಿಯೆಯೋ?

ಬ್ಯಾಡಗಿಯಲ್ಲಿರುವ ನಮ್ಮ ಅಣ್ಣನವರಿಗೆ ಈಗ ೭೪ ವರ್ಷ. ನಲವತ್ತು ವರ್ಷ ಮೆಣಸಿನಕಾಯಿಯ ದಲಾಲಿ ಅಂಗಡಿಯಲ್ಲಿ ಕುಳಿತವರು. ಆ ಘಾಟಿನೊಡನೆ ಬಂದ ಕೆಮ್ಮು ಅಂಗಡಿಯನ್ನು ಬಿಟ್ಟ ಮೇಲೂ ಅವರನ್ನು ಬಿಡಲಿಲ್ಲ. ಕಳೆದ ಮಾಘಮಾಸದಲ್ಲಿ ಅವರು ಬಹಳ ಸಂಕೋಚದಿಂದ ನಮ್ಮೊಬ್ಬರಿಗೇ ಒಂದು ಮಾತು ಹೇಳಿದರು. ಬಲತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಮಲಗಿದರೆ ಅಡಗುವದು, ಕೆಮ್ಮಿದರೆ ಹೊರಬರುವದು. ಮೂರು ವರ್ಷಗಳಿಂದ ಲಂಗೋಟಿಯನ್ನು ಬಿಗಿದು ಮುಚ್ಚಿಕೊಂಡು ಬಂದಿದ್ದರಂತೆ. ಅತ್ತಿಗೆಯವರಿಗೂ ತಿಳಿಯದು!

ಸುಶ್ರುತಸಂಹಿತೆಯು ಇದನ್ನು ಅಂತ್ರವೃದ್ಧಿಯೆಂದು ಕರೆದು, ಭಾರ ಹೊರುವದು, ಬಲಿಷ್ಠರೊಡನೆ ಸೆಣಸುವದು, ಮರದಿಂದ ಬೀಳುವದು ಮೊದಲಾದ ಆಯಾಸಗಳನ್ನು ಕಾರಣವೆಂದು ಹೇಳಿದೆ. ಕರುಳು ಕೆಳಗಿನ ಕೋಶಕ್ಕಿಳಿದರೆ ಅಸಾಧ್ಯವೆಂದೂ, ಸಂದಿಯಲ್ಲೇ ಇದ್ದರೆ ಅರ್ಧಚಂದ್ರಾಕಾರದ ಶಲಾಕೆಯಿಂದ ಸುಡಬೇಕೆಂದೂ ಅಲ್ಲಿ ವಿಧಿ. ಇದನ್ನು ಅಣ್ಣನವರಿಗೆ ಹೇಳಿದ್ದು ನಮ್ಮ ಪಾಂಡಿತ್ಯದ ಅವಿವೇಕ. ಮುಂದೆ ಒಂದು ತಿಂಗಳು ಅವರು ವೈದ್ಯರ ಹೆಸರೆತ್ತಲಿಲ್ಲ.

ಅಷ್ಟರಲ್ಲಿ ರಾಣೇಬೆನ್ನೂರಿನಲ್ಲಿ ಜವಳಿ ಅಂಗಡಿಯನ್ನಿಟ್ಟಿರುವ ಅವರ ಮಗನಿಗೆ ಸುದ್ದಿ ಮುಟ್ಟಿತು. “ಕಾಕಾ, ಅಪ್ಪಗ ದುರ್ಬೀನಿನ ಆಪರೇಶನ್ನೇ ಮಾಡಿಸೂಣು, ಹೊಟ್ಟಿ ಕೊಯ್ಸೂದು ಬ್ಯಾಡ” ಎಂದು ಅವನು ಹಟ ಹಿಡಿದನು. ಅವನ ನೆರೆಯ ಗೃಹಸ್ಥರೊಬ್ಬರು, ೬೬ ವರ್ಷದವರು, ಎರಡೂ ಬದಿಯ ಹರ್ನಿಯಾವನ್ನು ಹುಬ್ಬಳ್ಳಿಯಲ್ಲಿ ಹಾಗೆ ಸರಿಪಡಿಸಿಕೊಂಡು ಹತ್ತನೆಯ ದಿನಕ್ಕೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತದ್ದನ್ನು ಅವನು ಕಣ್ಣಾರೆ ಕಂಡಿದ್ದನು.

ಮೂವರೂ ಕೂಡಿ ಹಾವೇರಿಯ ಶಸ್ತ್ರವೈದ್ಯರೊಬ್ಬರಲ್ಲಿಗೆ ಹೋದೆವು. ಅವರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ತೆರೆದ ಕ್ರಮದಲ್ಲಿ ಕೊಯ್ಯುವದು ಹೊಟ್ಟೆಯನ್ನಲ್ಲ, ಸಂದಿಯ ಮೇಲೆ ಎರಡು ಮೂರು ಅಂಗುಲವನ್ನಷ್ಟೇ. ಇಳಿದುದನ್ನು ಒಳಸೇರಿಸಿ, ಸಡಿಲವಾದ ಗೋಡೆಗೆ ಪಾಲಿಪ್ರೊಪಿಲೀನಿನ ಬಲೆಯನ್ನು ತೇಪೆಯಂತೆ ಹೊಲಿಯುವರು. ಇಟಲಿಯ ಬಸ್ಸಿನಿಯವರು ೧೮೮೪ರಲ್ಲಿ ತೊಡಗಿಸಿದ ಕ್ರಮದಲ್ಲಿ ಮಾಂಸದ ಪದರುಗಳನ್ನೇ ಎಳೆದು ಹೊಲಿಯುತ್ತಿದ್ದರು. ಅಮೇರಿಕೆಯ ಲಿಕ್ಟನ್‌ಸ್ಟೈನರು ೧೯೮೯ರಲ್ಲಿ ಪ್ರಕಟಿಸಿದ ಬಲೆಯ ಕ್ರಮವು ಆ ಎಳೆತವನ್ನು ತಪ್ಪಿಸಿತು. ದುರ್ಬೀನಿನ ಕ್ರಮದಲ್ಲಿಯೂ ಬಲೆಯೇ. ಆದರೆ ಸಣ್ಣ ರಂಧ್ರಗಳಿಂದ ಒಳಹೊಕ್ಕು, ಇಂಗಾಲಾಮ್ಲ ವಾಯುವನ್ನು ತುಂಬಿ ಎಡೆ ಮಾಡಿಕೊಂಡು, ಅದನ್ನು ಗೋಡೆಯ ಹಿಂಬದಿಯಲ್ಲಿ ಹಾಸುವರು. ನೋವು ಕಡಿಮೆ, ಎದ್ದು ಓಡಾಡುವದು ಬೇಗ. ಎರಡೂ ಬದಿಗೆ ಅವೇ ರಂಧ್ರಗಳು ಸಾಕಾಗುವದರಿಂದ ಆ ನೆರೆಯವರಿಗೆ ಅದು ಒಪ್ಪಿತು. ತೆರೆದು ಮಾಡಿದ್ದು ಮರುಕಳಿಸಿದವರಿಗೂ ಹಳೆಯ ಗಾಯವನ್ನು ಮುಟ್ಟದೆ ಹಿಂದಿನಿಂದ ಹೋಗಬಹುದು.

“ಹಾಗಾದರೆ ಇವರಿಗೇಕೆ ಬೇಡ?” ಎಂದು ನಾವು ಕೇಳಿದೆವು. ವೈದ್ಯರು ಅಣ್ಣನವರ ಎದೆಗೆ ನಳಿಗೆಯನ್ನಿಟ್ಟು ಆಲಿಸಿ, ದುರ್ಬೀನಿನ ಕ್ರಮಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕೆಂದೂ, ಈ ಶ್ವಾಸಕೋಶಕ್ಕೆ ಅದರ ಮೇಲೆ ವಾಯುವಿನ ಒತ್ತಡವೂ ಹೊರೆಯಾದೀತೆಂದೂ ಹೇಳಿದರು. ತೆರೆದದ್ದನ್ನಾದರೋ ಆ ಸ್ಥಳಕ್ಕೆ ಮಾತ್ರ ಸೂಜಿಮದ್ದು ಕೊಟ್ಟು, ರೋಗಿ ಎಚ್ಚರವಾಗಿರುವಾಗಲೇ ಮುಗಿಸಬಹುದು. ನಾವು ಗಾಯದ ಉದ್ದವನ್ನು ಅಳೆಯುತ್ತಿದ್ದೆವು. ಅವರು ಉಸಿರನ್ನು ಅಳೆಯುತ್ತಿದ್ದರು.

ಅಣ್ಣನ ಮಗನು ಸುಮ್ಮನಾಗದೆ, “ದುರ್ಬೀನಿನಿಂದ ನೀವು ಎಷ್ಟು ಮಾಡೀರಿ?” ಎಂದು ಕೇಳಿಯೇಬಿಟ್ಟನು. ನಮಗೆ ನಾಚಿಕೆಯಾಯಿತು, ವೈದ್ಯರಿಗೆ ಮಾತ್ರ ಸಿಟ್ಟು ಬರಲಿಲ್ಲ. ಕೇಳತಕ್ಕ ಪ್ರಶ್ನೆಯೇ ಅದೆಂದರು. ಅಮೇರಿಕೆಯ ಮಾಜಿ ಸೈನಿಕರ ೧೪ ಆಸ್ಪತ್ರೆಗಳಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲ ಸಲದ ಹರ್ನಿಯಾ ಎರಡು ವರ್ಷಗಳೊಳಗೆ ಮರುಕಳಿಸಿದ್ದು ದುರ್ಬೀನಿನವರಲ್ಲಿ ೧೦೦ಕ್ಕೆ ಸುಮಾರು ೧೦, ತೆರೆದವರಲ್ಲಿ ಸುಮಾರು ೪. ಆದರೆ ೨೫೦ಕ್ಕೂ ಹೆಚ್ಚು ಮಾಡಿ ನುರಿತವರ ಕೈಯಲ್ಲಿ ದುರ್ಬೀನಿನದೂ ೫ರೊಳಗೇ ನಿಂತಿತು.

ಶಸ್ತ್ರಕ್ರಿಯೆಯೇ ಇಲ್ಲದೆ ಕಾಯಬಾರದೇ? ತೊಂದರೆ ಅಲ್ಪವಿದ್ದ ಗಂಡಸರಲ್ಲಿ ಕರುಳು ಥಟ್ಟನೆ ಸಿಕ್ಕಿಕೊಂಡದ್ದು ವರ್ಷಕ್ಕೆ ೧,೦೦೦ಕ್ಕೆ ಇಬ್ಬರಿಗೂ ಕಡಿಮೆಯೆಂದು ೨೦೦೬ರಲ್ಲಿ ಪ್ರಕಟವಾದ ಶೋಧನೆಯು ಹೇಳಿತು. ಅವರಲ್ಲಿಯೇ ಹತ್ತು ವರ್ಷಗಳೊಳಗೆ ಮೂರರಲ್ಲಿ ಎರಡು ಪಾಲು ಜನ ನೋವು ಹೆಚ್ಚಿತೆಂದೋ ಬೇರೆ ಕಾರಣದಿಂದಲೋ ಶಸ್ತ್ರಕ್ರಿಯೆಗೆ ಬಂದರು. ಇದು ಗಂಡಸರ ಮಾತು. ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ತೊಡೆಯ ಬುಡದಲ್ಲಿ ಏಳುವ ಹರ್ನಿಯಾ ಬಹುಬೇಗ ಸಿಕ್ಕಿಕೊಳ್ಳುವದು. ನಮ್ಮ ಸೋದರತ್ತೆಯವರು ಎರಡು ದಿನ ವಾಂತಿ ಮಾಡಿಕೊಂಡರು. ಅಜೀರ್ಣವೆಂದು ಓಮಿನ ಕಷಾಯ ಕೊಟ್ಟೆವು. ಗಂಟಿನ ಮಾತನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಆಸ್ಪತ್ರೆಗೆ ಒಯ್ದಾಗ ಕರುಳು ಕಪ್ಪಾಗಿತ್ತು. ಅವರು ಮರಳಿ ಬರಲಿಲ್ಲ. ಗಂಟು ಗಟ್ಟಿಯಾಗಿ ಒಳಸೇರದೆ, ನೋವು, ವಾಂತಿ, ಹೊಟ್ಟೆಯುಬ್ಬರ ಕಂಡರೆ ತಿಕ್ಕದೆ, ಕಾವು ಕೊಡದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು.

ಅಣ್ಣನವರ ಕೆಮ್ಮಿಗೂ ಮಲಬದ್ಧತೆಗೂ ಮೊದಲು ಔಷಧ ಕೊಟ್ಟು, ಮೂತ್ರದ ತಡೆಯೇನಾದರೂ ಇದೆಯೇ ಎಂದು ನೋಡಿ, ಚೈತ್ರದಲ್ಲಿ ತೆರೆದ ಶಸ್ತ್ರಕ್ರಿಯೆ ಮಾಡಿದರು. ಬಲೆಯನ್ನು ಹೊಲಿದಾದ ಮೇಲೆ ವೈದ್ಯರು, “ಯಜಮಾನರೇ, ಒಮ್ಮೆ ಜೋರಾಗಿ ಕೆಮ್ಮಿರಿ” ಎಂದರಂತೆ. ಮೂರು ವರ್ಷ ಕೆಮ್ಮನ್ನು ಅದುಮಿಕೊಂಡಿದ್ದ ಅಣ್ಣನವರು ಕೆಮ್ಮಿದರು, ಗಂಟು ಬರಲಿಲ್ಲ. ಈಗ ನಿತ್ಯವೂ ಪೇಟೆಯವರೆಗೆ ನಡೆದುಹೋಗುತ್ತಾರೆ. ಲಂಗೋಟಿಯ ವಿಷಯವನ್ನು ಅತ್ತಿಗೆಯವರು ಇನ್ನೂ ಮರೆತಿಲ್ಲ.