ಬೇಜಾರು ಎಂದವನನ್ನು ಬೈಯುವ ಮುನ್ನ

ತಿಪಟೂರಿನ ಬಸ್ ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲೋ ತುರುವೇಕೆರೆಯ ಸರ್ಕಲ್ಲಿನಲ್ಲೋ ಕುಳಿತ ಇಪ್ಪತ್ತೆರಡರ ಹುಡುಗನೊಬ್ಬನನ್ನು 'ಏನಪ್ಪಾ ಸಮಾಚಾರ' ಎಂದು ಕೇಳಿ ನೋಡಿ. ಬಹಳ ಸಲ ಬರುವ ಉತ್ತರ ಒಂದೇ: 'ಬೇಜಾರು ಸಾರ್.' ಇದಕ್ಕೆ ನಮ್ಮ ಹಿರಿಯರ ಬಳಿ ಔಷಧ ಸಿದ್ಧವಿದೆ. ಮೊಬೈಲ್ ಬಿಡು, ಬೇಗ ಏಳು, ಮನಸ್ಸು ಗಟ್ಟಿ ಮಾಡಿಕೋ. ವ್ಯಕ್ತಿತ್ವ ವಿಕಸನದ ಭಾಷಣಕಾರರು ಇದನ್ನೇ ಮೈಕಿನಲ್ಲಿ ಹೇಳಿ ಸಂಭಾವನೆ ಪಡೆಯುತ್ತಾರೆ. ಇವರೆಲ್ಲರ ಮಾತಿನ ಹಿಂದೆ ಇರುವ ನಂಬಿಕೆ ಇಷ್ಟೇ: ಬೇಜಾರು ಒಂದು ಭಾವನೆ, ಸಿಟ್ಟು ಅಸೂಯೆಗಳಂತೆ ಒಳಗೆ ಹುಟ್ಟುವಂಥದ್ದು, ಹುಟ್ಟಿಸಿಕೊಂಡವನೇ ಅದನ್ನು ಅದುಮಿಕೊಳ್ಳಬೇಕು. ಈ ನಂಬಿಕೆ ತಪ್ಪು. ಅದೂ ನಮಗೆಲ್ಲ ಬಹಳ ಅನುಕೂಲಕರವಾದ ತಪ್ಪು.

ಬೇಜಾರು ಭಾವನೆ ಹೌದೋ ಅಲ್ಲವೋ ಎಂಬ ಬಗ್ಗೆ ಮನಶ್ಶಾಸ್ತ್ರಜ್ಞರಲ್ಲೇ ಒಮ್ಮತವಿಲ್ಲ. ಪಾಲ್ ಎಕ್ಮನ್ ಪಟ್ಟಿ ಮಾಡಿದ ಆರು ಮೂಲ ಭಾವನೆಗಳಲ್ಲಿ ಸಿಟ್ಟು, ಭಯ, ದುಃಖ, ಸಂತೋಷ, ಅಚ್ಚರಿ, ಜಿಗುಪ್ಸೆಗಳಿವೆ, ಬೇಜಾರಿಲ್ಲ. ರಾಬರ್ಟ್ ಪ್ಲಚಿಕ್ ಅದನ್ನು ಜಿಗುಪ್ಸೆಯ ಸೌಮ್ಯ ರೂಪವೆಂದು ಒಂದು ಮೂಲೆಯಲ್ಲಿ ಕೂರಿಸಿದರು. ನಮ್ಮ ಪದಕ್ಕೂ ಆ ನಂಟಿದೆ. ಫಾರಸಿಯಿಂದ ಬಂದ ಬೇಜಾರ್ ಎಂಬ ಮಾತಿಗೆ ಉರ್ದುವಿನಲ್ಲಿ ರೋಸಿಹೋದವನು ಎಂಬ ಅರ್ಥ. ಅಲ್ಲಿ ಮನುಷ್ಯ ಯಾವುದೋ ಒಂದರಿಂದ ಬೇಜಾರ್ ಆಗುತ್ತಾನೆ. ಯಾವುದರಿಂದ ಎಂದು ಕೇಳಲು ಆ ವಾಕ್ಯದಲ್ಲೇ ಜಾಗವಿದೆ. ಕನ್ನಡಕ್ಕೆ ಬಂದಾಗ ಆ ಜಾಗ ಮುಚ್ಚಿಹೋಯಿತು. ಸಾವಿನ ಮನೆಗೂ ಬೇಜಾರು, ಭಾನುವಾರದ ಮಧ್ಯಾಹ್ನಕ್ಕೂ ಬೇಜಾರು. ಸಾಲದೆಂದು ಹುಡುಗರು ಇಂಗ್ಲಿಷಿನ 'ಬೋರು' ತಂದುಕೊಂಡರು. (ನಮ್ಮ ಕಡೆ ಬೋರು ಎಂದರೆ ಮೊದಲು ನೆನಪಾಗುವುದು ಕೊಳವೆಬಾವಿ, ಅದರಲ್ಲೂ ಬತ್ತಿದ್ದು.)

ಕೆಲಸವಿಲ್ಲದೆ ಕಾಯುವುದೇ ಬೇಜಾರಿನ ಮೂಲ ಎನ್ನುವವರಿದ್ದಾರೆ. ಹಾಗಿದ್ದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಷ್ಟು ಬೇಜಾರಿನ ಸೀಮೆ ಬೇರೊಂದು ಇರಬಾರದಿತ್ತು. ಸಸಿ ನೆಟ್ಟವನು ಮೊದಲ ಫಸಲಿಗೆ ಆರೇಳು ವರ್ಷ ಕಾಯುತ್ತಾನೆ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಮತ್ತೆ ಎಂಟು ತಿಂಗಳು, ಕೆಲವೊಮ್ಮೆ ಇಡೀ ವರ್ಷ ಕಾಯುತ್ತಾನೆ. ಒಳಗಿನ ನೀರು ಆರಿ, ತಿರುಳು ಕರಟ ಬಿಟ್ಟು, ಅಲುಗಾಡಿಸಿದರೆ ಗಡಗಡ ಎಂದಾಗ ಉಂಡೆ ಕೊಬ್ಬರಿ ಸಿದ್ಧ. ಈ ಅಟ್ಟವನ್ನು ನೋಡಿ ಬೇಜಾರು ಎಂದವರನ್ನು ನಾನು ಕಂಡಿಲ್ಲ. ಆ ಕಾಯುವಿಕೆ ಅವರದು. ಯಾವಾಗ ಇಳಿಸಬೇಕು, ಯಾವಾಗ ಮಾರಬೇಕು ಎಂಬ ತೀರ್ಮಾನವೂ ಬಹುಮಟ್ಟಿಗೆ ಅವರದು.

ಅದೇ ರೈತರನ್ನು 2024ರ ಆರಂಭದಲ್ಲಿ ನೋಡಬೇಕಿತ್ತು. ಮಾರುಕಟ್ಟೆ ದರ ಬಿದ್ದಿತ್ತು. ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಪಡೆಯಲು ನಫೆಡ್ ಖರೀದಿಗೆ ಹೆಸರು ನೋಂದಾಯಿಸಬೇಕಿತ್ತು. ರಾತ್ರಿಯೆಲ್ಲ ಸಾಲಿನಲ್ಲಿ ಮಲಗಿದರು. ನೋಂದಣಿ ರದ್ದಾಯಿತು, ಮತ್ತೆ ಮೊದಲಿಂದ ಸಾಲು. ಒಂದು ವರ್ಷ ಅಟ್ಟದ ಕೆಳಗೆ ನೆಮ್ಮದಿಯಿಂದ ಮಲಗಿದ್ದ ಮನುಷ್ಯ ಒಂದು ರಾತ್ರಿಯ ಸಾಲಿನಲ್ಲಿ ರೋಸಿಹೋದ. ಅವನ ಮನೋಬಲ ಒಂದೇ ರಾತ್ರಿಯಲ್ಲಿ ಕುಸಿಯಿತೇ? ಕುಸಿದದ್ದು ತನ್ನ ಹೊತ್ತಿನ ಮೇಲೆ ಅವನಿಗಿದ್ದ ಹಿಡಿತ.

ಬೇಜಾರು ಒಂದು ಸ್ಥಿತಿ ಎನ್ನುವುದು ಇದಕ್ಕೇ. ಅದು ಅನುಭವಕ್ಕೆ ಬರುವುದು ಮನಸ್ಸಿನಲ್ಲೇ, ಒಪ್ಪೋಣ. ಜ್ವರ ಬರುವುದೂ ಮೈಗೇ. ಹಾಗೆಂದು ಚರಂಡಿಯ ಮಾತು ಎತ್ತಬಾರದೇ?

ಆಸ್ಟ್ರಿಯಾದ ವಿಯೆನ್ನಾ ಬಳಿ ಮರಿಯೆಂಥಾಲ್ ಎಂಬ ಊರಿತ್ತು. ಊರಿಗೆಲ್ಲ ಒಂದೇ ಬಟ್ಟೆ ಕಾರ್ಖಾನೆ. ಅದು ಮುಚ್ಚಿದ ಮೇಲೆ ಮರೀ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಮತ್ತು ಅವರ ಜೊತೆಗಾರರು ಅಲ್ಲಿಗೆ ಹೋಗಿ ನಡೆಸಿದ ಅಧ್ಯಯನ 1933ರಲ್ಲಿ ಪ್ರಕಟವಾಯಿತು. ಕೆಲಸ ಹೋದ ಗಂಡಸರ ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು. ಆದರೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಎರಡು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ಅವರ ನಡಿಗೆ ನಿಧಾನವಾಯಿತು, ಹೆಜ್ಜೆಹೆಜ್ಜೆಗೂ ನಿಲ್ಲತೊಡಗಿದರು. ಬಹಳ ಮಂದಿ ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. 'ಬಿಡುವಿದೆಯಲ್ಲ, ಓದಬಾರದೇ' ಎಂದು ಉಪದೇಶಿಸುವವರು ಇದನ್ನು ಗಮನಿಸಬೇಕು. ಇಡೀ ಊರಿನ ಗಂಡಸರು ಒಟ್ಟಿಗೇ ಸೋಮಾರಿಗಳಾಗುವುದಿಲ್ಲ.

ನಮ್ಮಲ್ಲೂ ಅಂಥ ನಿಲುಗಡೆಗಳಾಗಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಚಿಕ್ಕನಾಯಕನಹಳ್ಳಿ ಕಡೆಯ ಅದಿರು ಲಾರಿಗಳು ನಿಂತವು. ಆದೇಶ ಬರಲೇಬೇಕಿತ್ತು, ನಾನು ಗಣಿ ಧಣಿಗಳ ಪರ ವಕಾಲತ್ತು ಹಾಕುತ್ತಿಲ್ಲ. ಆದರೆ ಚಾಲಕನೂ ಕ್ಲೀನರೂ ಮರುದಿನದಿಂದ ಏನು ಮಾಡಬೇಕೆಂದು ಕೇಳಿದವರೆಷ್ಟು ಮಂದಿ? ಈಗ ಪದವಿ ಮುಗಿಸಿದ ಹುಡುಗ ಸರಕಾರಿ ನೇಮಕಾತಿಯ ಪ್ರಕಟಣೆಗೆ ಕಾಯುತ್ತಾನೆ, ನಂತರ ಪರೀಕ್ಷೆಗೆ, ನಂತರ ಫಲಿತಾಂಶಕ್ಕೆ. ಅಟ್ಟದ ಕಾಯಿಯಾದರೂ ತನ್ನಷ್ಟಕ್ಕೆ ಒಣಗಿ ಬೆಲೆ ಪಡೆಯುತ್ತದೆ. ಇವನು ಕಾದಷ್ಟೂ ವಯಸ್ಸಿನ ಮಿತಿ ಹತ್ತಿರವಾಗುತ್ತದೆ.

ಮರಿಯೆಂಥಾಲಿನ ಹೆಂಗಸರ ಕಥೆ ಬೇರೆ. ಕಾರ್ಖಾನೆಯ ಕೆಲಸ ಅವರಿಗೂ ಹೋಗಿತ್ತು, ಮನೆಗೆಲಸ ಹೋಗಲಿಲ್ಲ. ಬೀದಿಯಲ್ಲಿ ಅವರು ಗಂಡಸರಿಗಿಂತ ಬೇಗ ನಡೆಯುತ್ತಿದ್ದರು. ಇದನ್ನು ಓದಿದಾಗ ನನಗೆ ನೆನಪಾಗುವುದು ನಮ್ಮ ಮನೆಗಳದೇ ಹೆಣ್ಣುಮಕ್ಕಳು. ಪಿಯುಸಿಯೋ ಡಿಗ್ರಿಯೋ ಮುಗಿದ ಮೇಲೆ ಸಂಬಂಧ ಕೂಡಿಬರುವವರೆಗೆ ಮನೆಯಲ್ಲಿರು ಎನ್ನುತ್ತೇವೆ. ಆ ಕಾಯುವಿಕೆ ಎಷ್ಟು ತಿಂಗಳದ್ದು ಎಂದು ಅವಳಿಗೆ ಯಾರೂ ಹೇಳುವುದಿಲ್ಲ, ಅವಳನ್ನು ಕೇಳುವುದೂ ಇಲ್ಲ. ಅಣ್ಣನಿಗೆ ಚಹಾದಂಗಡಿಯ ಬೆಂಚಾದರೂ ಇದೆ. ಅವಳು ಬೇಜಾರು ಎಂದರೆ 'ಮನೆಯಲ್ಲಿ ಕೆಲಸವಿಲ್ಲವೇ' ಎಂಬ ಉತ್ತರ ಕಾದಿರುತ್ತದೆ. ಇಲ್ಲಿ ನಫೆಡ್ ಇಲ್ಲ, ಕೋರ್ಟ್ ಇಲ್ಲ, ನೇಮಕಾತಿ ಪ್ರಾಧಿಕಾರವಿಲ್ಲ. ಅವಳ ಹೊತ್ತನ್ನು ಕಸಿದುಕೊಂಡವರು ನಾವೇ. ಪಟ್ಟಣದ ಗ್ರಂಥಾಲಯಕ್ಕೆ ಅವಳು ಒಬ್ಬಳೇ ಹೋಗಿಬರಲು ಒಪ್ಪದ ನಮಗೆ, ಮನಸ್ಸು ಗಟ್ಟಿ ಮಾಡಿಕೋ ಎನ್ನಲು ಯಾವ ಮುಖವಿದೆ?